ಮೇಷ್ಟ್ರನ್ನ ಕೇಳಿ: ‘ಅಂತೆ’ ಇದ್ದದ್ದೆಲ್ಲ ಉಪಮೆ ಅಲ್ಲ

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನನ್ನ ಮಗ ಈ ವರ್ಷ ಹತ್ತನೇ ಕ್ಲಾಸು. ಟ್ಯೂಷನ್‌ನಲ್ಲಿ ಅವನಿಗೆ ಒಂದು ಶಾರ್ಟ್‌ಕಟ್ ಹೇಳ್ಕೊಟ್ಟಿದಾರೆ, ವಾಕ್ಯದಲ್ಲಿ ‘ಅಂತೆ’ ಇದ್ರೆ ಉಪಮೆ, ‘ಎಂಬ’ ಇದ್ರೆ ರೂಪಕ ಅಂತ. ಮೊನ್ನೆ ಟೆಸ್ಟಲ್ಲಿ ‘ಮಾರಿಗೌತಣವಾಯ್ತು ನಾಳಿನ ಭಾರತವು’ ಅನ್ನೋ ಸಾಲು ಕೊಟ್ಟಿದ್ರಂತೆ, ಎರಡೂ ಇಲ್ವಲ್ಲ ಅಂತ ಖಾಲಿ ಬಿಟ್ಟು ಬಂದಿದಾನೆ. ನಂಗೂ ಓದಿದ್ದು ಮರ್ತೋಗಿದೆ, ಹೇಗೆ ಹೇಳ್ಕೊಡ್ಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಮಗನ್ನ ಬೈಬೇಡಿ, ತಪ್ಪು ಅವನದ್ದಲ್ಲ ಆ ಶಾರ್ಟ್‌ಕಟ್‌ದು. ನಿಮ್ಮ ಪತ್ರದಲ್ಲೇ ನೋಡಿ, ‘ಸಾಲು ಕೊಟ್ಟಿದ್ರಂತೆ’ ಅಂತ ಬರ್ದಿದೀರಿ, ಅಲ್ಲೂ ಅಂತೆ ಇದೆ, ಅದು ಉಪಮೆನಾ? ಅಲ್ಲ, ಬೇರೆಯವರು ಹೇಳಿದ್ದು ಅನ್ನೋದಕ್ಕೆ ಬಂದ ಅಂತೆ ಅದು. ‘ನಾನು ಹೇಳಿದಂತೆ ಮಾಡು’, ‘ಬೀಳದಂತೆ ಹಿಡ್ಕೋ’, ಇಲ್ಲೆಲ್ಲ ಅಂತೆ ಇದೆ, ಹೋಲಿಕೆ ಇಲ್ಲ. ಇನ್ನು ಪಾಠದ ಪುಸ್ತಕದಲ್ಲಿ ಬರೋ ಅಚ್ಛೋದ ಸರೋವರದ ವಾಕ್ಯ, ಲಕ್ಷ್ಮಿ ತನ್ನ ಚೆಲುವನ್ನ ನೋಡ್ಕೊಳ್ಳೋಕೆ ಮಾಡಿಸಿಟ್ಟ ರನ್ನಗನ್ನಡಿಯೋ ಎಂಬಂತೆ ಅದು ಹೊಳೀತಿತ್ತು ಅನ್ನೋದು, ಅದ್ರಲ್ಲಿ ‘ಎಂಬ’ನೂ ಇದೆ ‘ಅಂತೆ’ನೂ ಇದೆ ಆದ್ರೆ ಅದು ಉಪಮೆನೂ ಅಲ್ಲ ರೂಪಕನೂ ಅಲ್ಲ, ಉತ್ಪ್ರೇಕ್ಷೆ. ಯಾಕಂದ್ರೆ ಅಲ್ಲಿ ಕವಿ ಒಂದನ್ನ ಇನ್ನೊಂದು ಇರಬಹುದೇನೋ ಅಂತ ಕಲ್ಪಿಸ್ಕೋತಾ ಇದಾನೆ.

ಮಗನ್ನ ಅಡುಗೆಮನೇಲಿ ಕೂರಿಸ್ಕೊಂಡು ಹೇಳ್ಕೊಡಿ. ‘ಇಡ್ಲಿ ಮಲ್ಲಿಗೆಯಂತೆ ಮೆತ್ತಗಿದೆ’ ಅಂತೀರಿ ಅಂದ್ಕೊಳ್ಳಿ. ನೀವು ಹೇಳೋಕೆ ಹೊರಟಿದ್ದು ಇಡ್ಲಿ ಬಗ್ಗೆ, ಅದು ಉಪಮೇಯ. ಅದಕ್ಕೋಸ್ಕರ ಹೊರಗಿಂದ ತಂದಿದ್ದು ಮಲ್ಲಿಗೆ, ಅದು ಉಪಮಾನ. ಎರಡನ್ನೂ ಜೋಡಿಸಿದ ‘ಅಂತೆ’ ಉಪಮಾವಾಚಕ, ಎರಡ್ರಲ್ಲೂ ಇರೋ ಮೆತ್ತಗಿನ ಗುಣ ಸಮಾನಧರ್ಮ. ನಾಲ್ಕೂ ಇದ್ರೆ ಪೂರ್ಣೋಪಮೆ. ಈಗ ಹೋಟೆಲ್ ಬೋರ್ಡ್ ನೆನಪಿಸ್ಕೊಳ್ಳಿ, ‘ಮಲ್ಲಿಗೆ ಇಡ್ಲಿ’ ಅಂತ ಇರುತ್ತಲ್ಲ, ಅಲ್ಲಿ ಅಂತೆ ಹೋಯ್ತು, ಮೆತ್ತಗಿದೆ ಅನ್ನೋದೂ ಹೋಯ್ತು, ಆದ್ರೂ ಓದಿದವರಿಗೆ ಮಲ್ಲಿಗೆ ಥರದ ಇಡ್ಲಿ ಅಂತ ತಿಳಿಯುತ್ತೆ. ಅದು ಲುಪ್ತೋಪಮೆ. ಉಪಮೆ ಇದೆ, ಅಂತೆ ಇಲ್ಲ!

ಇನ್ನೊಂದು ವಿಷ್ಯ. ‘ಅಣ್ಣನಂತೆ ತಮ್ಮನೂ ಎತ್ತರ’ ಅಂದ್ರೆ ಹೋಲಿಕೆ ಇದೆ ಸರಿ, ಆದ್ರೆ ಅದು ಅಲಂಕಾರ ಅಲ್ಲ, ಅಳತೆ ಅಷ್ಟೆ. ನ್ಯಾಯಶಾಸ್ತ್ರದವರು, ಅಂದ್ರೆ ಹಳೇ ತರ್ಕಶಾಸ್ತ್ರದವರು, ಕೊಡೋ ಉದಾಹರಣೆ ಒಂದಿದೆ, ಗವಯ ಅನ್ನೋ ಕಾಡುಪ್ರಾಣಿ ಹಸುವಿನ ಹಾಗಿರುತ್ತೆ ಅಂತ, ಅದನ್ನ ಕೇಳಿದ್ರೆ ಕಾಡಲ್ಲಿ ಪ್ರಾಣಿಯ ಗುರುತು ಸಿಗುತ್ತೆ ನಿಜ, ಮನಸ್ಸೇನೂ ಅರಳಲ್ಲ. ಇಡ್ಲಿಗೂ ಮಲ್ಲಿಗೆಗೂ ಏನೂ ಸಂಬಂಧ ಇಲ್ಲ, ಅಷ್ಟು ದೂರ ಇದ್ದದ್ದನ್ನ ಹತ್ರ ತಂದಾಗ ಒಂದು ಖುಷಿ ಹುಟ್ಟುತ್ತಲ್ಲ, ಅದಿದ್ರೇನೇ ಅಲಂಕಾರ.

ಈಗ ನಿಮ್ಮ ಮಗ ಖಾಲಿ ಬಿಟ್ಟ ಸಾಲು. ಅದು ಕುಮಾರವ್ಯಾಸಂದು. ನೀನು ಕುಂತಿ ಮಗ, ಪಾಂಡವರ ಅಣ್ಣ ಅಂತ ಕೃಷ್ಣ ಹೇಳಿದ ಮೇಲೆ, ಎಲ್ಲ ಗೊತ್ತಾದ್ಮೇಲೂ ದುರ್ಯೋಧನನ್ನ ಬಿಡಲ್ಲ ಅಂತ ನಿಂತ ಕರ್ಣ ಆಡೋ ಮಾತು. ನಾಳಿನ ಯುದ್ಧ ಮಾರಿಗೆ ಔತಣ ‘ಇದ್ದ ಹಾಗೆ’ ಅನ್ನಲ್ಲ ಅವನು, ಔತಣ ‘ಆಯ್ತು’ ಅಂತಾನೆ, ಅದೂ ನಾಳೆ ನಡೆಯೋದಕ್ಕೆ ಇವತ್ತೇ ಆಯ್ತು ಅಂತಾನೆ, ಓದಿದಾಗೆಲ್ಲ ನಂಗೆ ಆ ‘ಆಯ್ತು’ ಹತ್ರ ಗಂಟಲು ಕಟ್ಟುತ್ತೆ, ಅವನ ಕಣ್ಣಿಗೆ ಎಲೆ ಹಾಕಿ ಬಡಿಸಿ ಆಗಿದೆ, ಬಡಿಸಿರೋ ಅನ್ನದಲ್ಲಿ ತಾನೂ ಇದೀನಿ ಅಂತ ಅವನಿಗೆ ಗೊತ್ತು. ಸಮನ್ವಯ, ಅಂದ್ರೆ ಯಾವುದು ಯಾವುದಕ್ಕೆ ಹೊಂದುತ್ತೆ ಅನ್ನೋ ವಿವರಣೆ, ಬರಿಯೋದಾದ್ರೆ ಹೀಗೆ: ನಾಳಿನ ಭಾರತ ಯುದ್ಧ ಉಪಮೇಯ, ಮಾರಿಯ ಔತಣ ಉಪಮಾನ, ಎರಡಕ್ಕೂ ಭೇದವಿಲ್ಲದೆ ಒಂದೇ ಎಂದು ಹೇಳಿರೋದ್ರಿಂದ ಇದು ರೂಪಕಾಲಂಕಾರ. ಆದ್ರೆ ಬರಿಯೋ ಮುಂಚೆ ಕರ್ಣನ ಕಥೆ ಒಮ್ಮೆ ಹೇಳಿ ಮಗಂಗೆ.

ಪ್ರಶ್ನೆ: ಸರ್ ನಮಸ್ಕಾರ್ರೀ. ನಮ್ಮ ಕಡೆ ‘ಹುಲಿ ಗತೆ ಬಂದ’ ಅಂತೀವ್ರಿ. ಪುಸ್ತಕದಾಗ ಅಂತೆ, ಹಾಗೆ ಅಷ್ಟ ಕೊಟ್ಟಾರ, ನಮ್ಮ ‘ಗತೆ’ ಲೆಕ್ಕಕ್ಕ ಬರ್ತೈತೋ ಇಲ್ಲೋ?
— ಓದುಗರು, ಹುಬ್ಬಳ್ಳಿ

ಉತ್ತರ: ಬರ್ತೈತ್ರಿ, ಧಾರಾಳವಾಗಿ ಬರ್ತೈತಿ. ಹಳಗನ್ನಡದವರು ‘ವೊಲ್’, ‘ವೋಲ್’ ಅಂದ್ರು, ಬೆಂಗಳೂರು ಕಡೆಯವರು ‘ಥರ’ ಅಂತಾರೆ, ಅದು ಉರ್ದುವಿನ ತರಹ್‌ನಿಂದ ಬಂದಿದ್ದು, ಅದನ್ನ ಯಾರೂ ಬೇಡ ಅನ್ಲಿಲ್ಲ, ಹಾಗಿದ್ಮೇಲೆ ನಿಮ್ಮ ಗತೆ, ಹಂಗ ಯಾಕೆ ಬೇಡ? ಇನ್ನೊಂದು ಮಜಾ ಹೇಳ್ತೀನಿ. ‘ಅವ ಹುಲಿ ಗತೆ ಬಂದ’ ಉಪಮೆ. ‘ಅವ ಹುಲಿನ ಅದಾನ’ ಅಂದ್ರೆ ರೂಪಕ. ಅವನ ಹೆಸರೇ ಎತ್ತದೆ, ಬಾಗಿಲ ಕಡೆ ನೋಡಿ ‘ಹುಲಿ ಬಂತ್ ನೋಡ್ರಿ’ ಅಂದ್ರೆ? ಉಪಮಾನ ಉಪಮೇಯವನ್ನ ಪೂರ್ತಿ ನುಂಗಿಬಿಡ್ತು, ಇದನ್ನ ಅಪ್ಪಯ್ಯ ದೀಕ್ಷಿತರು ‘ಕುವಲಯಾನಂದ’ ಅನ್ನೋ ಸಂಸ್ಕೃತದ ಅಲಂಕಾರ ಗ್ರಂಥದಲ್ಲಿ ರೂಪಕಾತಿಶಯೋಕ್ತಿ ಅಂತ ಕರೆದಿದಾರೆ. ನಿಮ್ಮೂರ ಕಟ್ಟೆ ಮೇಲೆ ದಿನಾ ಈ ಮೂರೂ ನಡೀತಾನೇ ಇರುತ್ತೆ.

ಪ್ರಶ್ನೆ: ಸರ್, ನಾನು ಬಿ.ಎ. ಓದ್ತಿದೀನಿ. ‘ಮುಖಕಮಲ’ ಉಪಮೆ ಅಂತ ಒಬ್ರು ಲೆಕ್ಚರರ್, ರೂಪಕ ಅಂತ ಇನ್ನೊಬ್ರು. ಯಾರದ್ದು ಸರಿ? ಮತ್ತೆ ರೂಪಕಾನೇ ಉಪಮೆಗಿಂತ ಮೇಲು ಅಂತಾರಲ್ಲ, ನಿಜಾನಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಇಬ್ಬರದ್ದೂ ಸರಿನಮ್ಮ, ಆ ಪದ ಒಂದನ್ನೇ ಹಿಡ್ಕೊಂಡು ತೀರ್ಪು ಕೊಡೋಕಾಗಲ್ಲ. ಕಮಲದಂಥ ಮುಖ ಅಂತಲೂ ಬಿಡಿಸಬಹುದು, ಮುಖವೆಂಬ ಕಮಲ ಅಂತಲೂ ಬಿಡಿಸಬಹುದು. ಹಳೇ ಆಲಂಕಾರಿಕರು, ಅಂದ್ರೆ ಅಲಂಕಾರಶಾಸ್ತ್ರ ಬರೆದವರು, ಇಂಥ ಕಡೆ ಪಕ್ಕದ ಮಾತನ್ನ ನೋಡು ಅಂತಾರೆ. ‘ಮುಖಕಮಲ ಅರಳಿತು’ ಅಂದ್ರೆ ಅರಳೋದು ಹೂವಿನ ಕೆಲಸ, ಕಮಲಕ್ಕೆ ಪ್ರಾಧಾನ್ಯ ಬಂತು, ರೂಪಕ. ‘ಮುಖಕಮಲ ನಕ್ಕಿತು’ ಅಂದ್ರೆ ನಗೋದು ಮುಖ, ಕಮಲ ಬರೀ ಹೋಲಿಕೆಗೆ ಬಂದಿದ್ದು, ಉಪಮೆ.

ಮೇಲು ಕೀಳು ಅನ್ನೋದನ್ನ ನಾನು ಒಪ್ಪಲ್ಲ. ಸಂಸ್ಕೃತದ ಆಲಂಕಾರಿಕ ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಭೇದ ಮರೆಯಾದ ಉಪಮೆಯೇ ರೂಪಕ ಅಂತಾನೆ, ಅಂದ್ರೆ ಎರಡೂ ಒಂದೇ ಮನೆಯವು. ನಮ್ಮ 9ನೇ ಶತಮಾನದ ‘ಕವಿರಾಜಮಾರ್ಗ’ವೂ ಅಲಂಕಾರದ ವಿಷ್ಯದಲ್ಲಿ ಬಹಳ ಮಟ್ಟಿಗೆ ದಂಡಿಯ ದಾರೀಲೇ ನಡೆಯುತ್ತೆ. ಗದುಗಿನ ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಬಿರುದು, ದೇವನೂರಿನ ಲಕ್ಷ್ಮೀಶನಿಗೆ ಉಪಮಾಲೋಲ ಅಂತ. ಇವರಲ್ಲಿ ಯಾರನ್ನ ಇಳಿಸ್ತೀರಿ?

ಯಾವ ಕಡೆ ಯಾವುದು ಬೇಕು ಅನ್ನೋದು ಮುಖ್ಯ, ಅದಕ್ಕೆ ಬಸವಣ್ಣನವರನ್ನೇ ನೋಡಿ. ಮಾತು ಹೇಗಿರಬೇಕು ಅಂತ ಹೇಳುವಾಗ ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಅಂತಾರೆ, ಮಾಣಿಕ್ಯದ ದೀಪ್ತಿಯಂತೆ, ಸ್ಫಟಿಕದ ಸಲಾಕೆಯಂತೆ ಅಂತಾರೆ. ಎಲ್ಲ ಉಪಮೆ. ನಮ್ಮ ಮಾತು ಇನ್ನೂ ಹಾಗಾಗಿಲ್ಲ, ಅಲ್ಲಿಗೆ ಮುಟ್ಟಬೇಕು, ಆ ದೂರ ಕಾಣೋಕೆ ‘ಅಂತೆ’ ಬೇಕೇ ಬೇಕು. ಅದೇ ಬಸವಣ್ಣನವರು ಉಳ್ಳವರು ಶಿವಾಲಯ ಕಟ್ಟಿಸ್ತಾರೆ ಬಡವ ನಾನೇನು ಮಾಡ್ಲಿ ಅಂತ ಕೇಳಿದ ತಕ್ಷಣ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ’ ಅಂತಾರೆ. ಇಲ್ಲಿ ‘ಕಾಲು ಕಂಬದಂತೆ’ ಅಂತ ಬದಲಾಯಿಸಿ ಓದಿ ನೋಡಿ. ಆಗ ನಿಜವಾದ ಕಂಬ ಎಲ್ಲೋ ಕಲ್ಲಿನ ಗುಡಿಯಲ್ಲಿ ಉಳೀತು, ಬಡವನ ಕಾಲು ಅದರ ನಕಲಾಯ್ತು, ಉಳ್ಳವನ ಗುಡಿಯೇ ದೊಡ್ಡದಾಗಿಬಿಡ್ತು. ಕಾಲೇ, ದೇಹವೇ, ಶಿರವೇ ಅಂತ ಮೂರು ಸಲ ಬರೋ ಆ ‘ಏ’ ಇದೆಯಲ್ಲ, ಅದು ಕಲ್ಲಿನ ಗುಡಿ ಬೇಕೇ ಬೇಕು ಅನ್ನೋದನ್ನೇ ತೆಗೆದುಹಾಕುತ್ತೆ. ಅದಕ್ಕೇ ಆಮೇಲೆ ‘ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ’ ಅನ್ನೋಕೆ ದಾರಿಯಾಯ್ತು. ಇಲ್ಲಿ ರೂಪಕ ಇಲ್ದಿದ್ರೆ ವಚನದ ವಾದವೇ ನಿಲ್ಲಲ್ಲ, ಹಾಗಂತ ಇನ್ನೊಂದು ವಚನದಲ್ಲಿ ‘ಮಾತೇ ಮುತ್ತು’ ಅಂದುಬಿಟ್ಟಿದ್ರೆ ‘ಇರಬೇಕು’ ಅನ್ನೋ ಎಚ್ಚರಿಕೆ ಹೋಗಿಬಿಡ್ತಿತ್ತು.

ಪ್ರಶ್ನೆ: ನಾವಿರೋದು ಅಮೆರಿಕದಲ್ಲಿ. ಏಳು ವರ್ಷದ ಮಗಳು, ಗಡಿಯಾರಕ್ಕೆ ಇಂಗ್ಲಿಷಲ್ಲಿ ಕೈ ಇದೆ, ಕನ್ನಡದಲ್ಲಿ ಯಾಕೆ ಮುಳ್ಳಿದೆ, ಚುಚ್ಚಲ್ವಾ ಅಂತ ಕೇಳ್ತಾಳೆ. ಏನು ಹೇಳ್ಲಿ?
— ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮ ಮಗಳಿಗೆ ನನ್ನ ಆಶೀರ್ವಾದ, ಎಂಥ ಪ್ರಶ್ನೆ ಕೇಳಿದಾಳೆ! ಆ ಕಡ್ಡಿ ಮುಳ್ಳಿನ ಹಾಗೆ ಚೂಪಾಗಿದೆ ಅಂತ ಕನ್ನಡದ ಕಣ್ಣಿಗೆ ಕಂಡಿತು, ತೋರಿಸೋ ಕೈ ಅಂತ ಇಂಗ್ಲಿಷಿನ ಕಣ್ಣಿಗೆ ಕಂಡಿತು. ಎರಡೂ ರೂಪಕವೇ, ದಿನಾ ಬಳಸಿ ಬಳಸಿ ನಮಗೆ ಹಾಗನ್ಸೋದು ನಿಂತೋಗಿದೆ, ಅವಳಿಗೆ ಕನ್ನಡ ಇನ್ನೂ ಹೊಸದು, ಅದಕ್ಕೇ ಮುಳ್ಳು ಕಾಣ್ತು. ಇಂಥವು ಮನೆ ತುಂಬ ಇವೆ. ಸೂಜಿಗೆ ಕಣ್ಣು, ಮೇಜಿಗೆ ಕಾಲು, ಬಾಟ್ಲಿಗೆ ಕತ್ತು, ಬಾವಿಗೆ ಬಾಯಿ. ಕಾವೇರಿ ಹುಟ್ಟೋ ಜಾಗಕ್ಕೆ ತಲಕಾವೇರಿ ಅಂತೀವಿ, ನದಿಗೂ ತಲೆ ಇದೆ. ಹೊಟ್ಟೆಕಿಚ್ಚು ಅಂತೀವಲ್ಲ, ಅದನ್ನ ಮಾತ್ರ ಅವಳಿಗೆ ಸ್ವಲ್ಪ ದೊಡ್ಡವಳಾದ್ಮೇಲೆ ಹೇಳಿ, ಈಗ ಹೇಳಿದ್ರೆ ಹೆದ್ರಿಕೊಂಡಾಳು.

ಮುಂದಿನ ಸಲ ತೆಂಗಿನಕಾಯಿ ತಂದಾಗ ಜುಟ್ಟು ತೆಗೆದು ಮೂರು ಕಣ್ಣು ತೋರಿಸಿ, ಜುಟ್ಟು ಅನ್ನೋದೂ ಇದೇ ಸಾಲಿಗೆ ಸೇರಿದ್ದೇ. ಮೂರ್ರಲ್ಲಿ ಒಂದು ಕಣ್ಣು ಮಾತ್ರ ಮೆತ್ತಗಿರುತ್ತೆ, ಮೊಳಕೆ ಹೊರಗೆ ಬರೋದು ಅದ್ರಿಂದಲೇ. ಯಾವುದು ಅಂತ ಅವಳೇ ಬೆರಳಿಟ್ಟು ಹುಡುಕ್ಲಿ.