ಓದುಗರ ಪ್ರಶ್ನೆಗಳಿಗೆ ಉತ್ತರ: ಚಂದನ ವಾಹಿನಿ ಮತ್ತು ವೀಕ್ಷಕರ ಹಕ್ಕು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ದೂರದರ್ಶನದ ಚಂದನ ವಾಹಿನಿಗೆ ಸಂಬಂಧಿಸಿದವು. ಸಮಯ ಬದಲಾವಣೆ, ಸಿಗ್ನಲ್, ಕೇಬಲ್, ದೂರು ಹೀಗೆ ವಿಷಯಗಳು ಬೇರೆ ಬೇರೆಯಾದರೂ, ಸಾರ್ವಜನಿಕ ಹಣದಿಂದ ನಡೆಯುವ ಈ ವಾಹಿನಿಯಿಂದ ನಾವು ಏನನ್ನು ಹಕ್ಕಿನಿಂದ ಕೇಳಬಹುದು ಎಂಬುದೇ ಎಲ್ಲ ಪತ್ರಗಳ ಒಳಗಿರುವ ಪ್ರಶ್ನೆ. ಆದ್ದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಭಾರತ ತಂಡದ ಏಕದಿನ ಪಂದ್ಯ ನಡೆಯುವಾಗ ನಮ್ಮ ಅಣ್ಣನ ಮನೆಯಲ್ಲಿ ಫ್ರೀ ಡಿಶ್ ಮೂಲಕ ದೂರದರ್ಶನದಲ್ಲಿ ಪಂದ್ಯ ಕಾಣಿಸುತ್ತದೆ. ನಮ್ಮ ಮನೆಯಲ್ಲಿ ಕೇಬಲ್ ಇದೆ. ಅದರಲ್ಲಿ ದೂರದರ್ಶನದ ವಾಹಿನಿ ಹಾಕಿದರೆ ಪಂದ್ಯವೇ ಇರುವುದಿಲ್ಲ. ಕೇಬಲ್‌ನವರು ಮೋಸ ಮಾಡುತ್ತಿದ್ದಾರೆಯೇ? (ಹಾವೇರಿಯ ಓದುಗರು)

ಇಲ್ಲ, ಈ ವಿಷಯದಲ್ಲಿ ಕೇಬಲ್‌ನವರ ತಪ್ಪಿಲ್ಲ. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಕ್ರೀಡಾಕೂಟಗಳ ನೇರ ಪ್ರಸಾರದ ಸಿಗ್ನಲ್ಲನ್ನು, ಪ್ರಸಾರದ ಹಕ್ಕು ಯಾವ ಖಾಸಗಿ ಸಂಸ್ಥೆಯ ಬಳಿ ಇದ್ದರೂ, ಅದು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕೆಂದು 2007ರ ಕಾಯ್ದೆಯೊಂದು ವಿಧಿಸಿದೆ. ಹೀಗೆ ಹಂಚಿಕೊಂಡ ಟೆಲಿವಿಷನ್ ಪ್ರಸಾರದಲ್ಲಿ ಬರುವ ಜಾಹೀರಾತು ಆದಾಯದ ಶೇಕಡ 75 ಭಾಗಕ್ಕೆ ಕಡಿಮೆಯಿಲ್ಲದಂತೆ ಹಕ್ಕುದಾರ ಸಂಸ್ಥೆಗೂ ಉಳಿದದ್ದು ಪ್ರಸಾರ ಭಾರತಿಗೂ ಸೇರುತ್ತದೆ. ಮೊದಲು ಈ ಸಿಗ್ನಲ್ ದೂರದರ್ಶನದ ವಾಹಿನಿಯೊಳಗೆ ಸೇರಿ, ಆ ವಾಹಿನಿಯನ್ನು ಕಡ್ಡಾಯವಾಗಿ ಕೊಡಬೇಕಾಗಿದ್ದ ಕೇಬಲ್ ಮತ್ತು ಖಾಸಗಿ ಡಿಟಿಎಚ್ ಜಾಲಗಳ ಮೂಲಕವೂ ಮನೆಮನೆ ತಲುಪುತ್ತಿತ್ತು. ಇದರಿಂದ ತಮ್ಮ ಚಂದಾದಾರರು ಕಡಿಮೆಯಾಗುತ್ತಾರೆಂದು ಹಕ್ಕುದಾರರು ನ್ಯಾಯಾಲಯಕ್ಕೆ ಹೋದರು. ಕಾಯ್ದೆಯಡಿ ಪಡೆದ ಸಿಗ್ನಲ್ಲನ್ನು ಪ್ರಸಾರ ಭಾರತಿಯು ತನ್ನದೇ ಭೂಪ್ರಸಾರ (ನೆಲದ ಟ್ರಾನ್ಸ್‌ಮಿಟರ್‌ಗಳಿಂದ ಮನೆಯ ಆಂಟೆನಾಗೆ ಬರುವ) ಜಾಲದಲ್ಲಿ ಮತ್ತು ತನ್ನದೇ ಡಿಟಿಎಚ್ ಆಗಿರುವ ಫ್ರೀ ಡಿಶ್‌ನಲ್ಲಿ ಮಾತ್ರ ಬಳಸಬಹುದೆಂದು 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ನಿಮ್ಮ ಅಣ್ಣನ ಮನೆಗೂ ನಿಮ್ಮ ಮನೆಗೂ ಇರುವ ವ್ಯತ್ಯಾಸ ಹುಟ್ಟಿದ್ದು ಅಲ್ಲಿಂದ.

ತೀರ್ಪು ಕಾನೂನಿನ ಅಕ್ಷರಕ್ಕೆ ತಕ್ಕಂತಿದೆ. ಆದರೂ ಸಾಮಾನ್ಯ ವೀಕ್ಷಕನಿಗೆ ಉಚಿತವಾಗಿ ಪಂದ್ಯ ಕಾಣಬೇಕೆಂಬ ಕಾಯ್ದೆಯ ಆಶಯ ಇದರಿಂದ ಅರ್ಧದಷ್ಟೇ ಈಡೇರುತ್ತಿದೆ ಎಂದು ನನಗನ್ನಿಸುತ್ತದೆ. ಕೇಬಲ್ ಚಂದಾದಾರರೆಲ್ಲ ಕ್ರೀಡಾ ವಾಹಿನಿಗಳಿಗೆ ಪ್ರತ್ಯೇಕವಾಗಿ ಹಣ ಕೊಡಬಲ್ಲವರಲ್ಲ. ಇದನ್ನು ಸರಿಪಡಿಸಬೇಕಾದರೆ ಸಂಸತ್ತು ಕಾಯ್ದೆಯನ್ನೇ ತಿದ್ದಬೇಕು.

ಪ್ರಶ್ನೆ: ನಮ್ಮ ತೋಟದ ಮನೆಯ ಮಾಡಿನ ಮೇಲಿನ ಹಳೆಯ ಆಂಟೆನಾದಲ್ಲಿ ಚಂದನ ಬರುತ್ತಿತ್ತು. ಕೆಲವು ವರ್ಷಗಳಿಂದ ಏನೂ ಬರುತ್ತಿಲ್ಲ. ಆಂಟೆನಾ ಬದಲಿಸಿದರೆ ಸರಿಹೋಗುತ್ತದೆಯೇ? (ಶಿರಸಿಯ ಓದುಗರು)

ಆಂಟೆನಾ ಬದಲಿಸಲು ದಯವಿಟ್ಟು ಹಣ ಖರ್ಚು ಮಾಡಬೇಡಿ. ಪ್ರಸಾರ ಭಾರತಿಯು ತನ್ನ ಅನಲಾಗ್ ಭೂಪ್ರಸಾರ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ಮುಚ್ಚುತ್ತ ಬಂದು, 2022ರ ಹೊತ್ತಿಗೆ ಆಯ್ದ ಕೆಲವನ್ನು ಬಿಟ್ಟು ಉಳಿದೆಲ್ಲವನ್ನೂ ನಿಲ್ಲಿಸಿದೆ. ಡಿಜಿಟಲ್ ಭೂಪ್ರಸಾರ 2016ರಲ್ಲಿ ಆರಂಭವಾದ ನಗರಗಳ ಸಾಲಿನಲ್ಲಿ ಬೆಂಗಳೂರು ಇದೆಯಾದರೂ ಅದರ ವ್ಯಾಪ್ತಿ ಮಲೆನಾಡಿಗೆ ಬರುವುದಿಲ್ಲ.

ನಿಮಗಿರುವ ದಾರಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸೇವೆಗೆ ತಟ್ಟೆ ಮತ್ತು ಸೆಟ್‌ಟಾಪ್ ಬಾಕ್ಸ್ ಕೊಳ್ಳುವ ಒಂದು ಸಲದ ವೆಚ್ಚವಷ್ಟೇ. ತಿಂಗಳ ಬಾಡಿಗೆ ಇಲ್ಲ. ಸಿಗ್ನಲ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ರಾಜ್ಯದಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸಾಕಷ್ಟು ಎತ್ತರದಲ್ಲಿದೆ. ಆದ್ದರಿಂದ ದೂರದ ಗುಡ್ಡದಿಂದ ತೊಂದರೆಯಿಲ್ಲ. ಮನೆಗೆ ಒತ್ತಿಕೊಂಡಿರುವ ಮರಗಳು ಆ ದಿಕ್ಕಿಗೆ ಅಡ್ಡ ಬರದಂತೆ ತಟ್ಟೆ ನಿಲ್ಲಿಸಿದರೆ ಸಾಕು. ಜೋರು ಮಳೆ ಸುರಿಯುವಾಗ ಚಿತ್ರ ಕೆಲ ಹೊತ್ತು ನಿಂತುಹೋಗುವುದು ಈ ತರಂಗಾಂತರದ ಸ್ವಭಾವ, ಅದಕ್ಕೆ ಬಾಕ್ಸನ್ನು ದೂರಬೇಕಾಗಿಲ್ಲ. ಕೊಳ್ಳುವಾಗ ಎಂಪೆಗ್-4 ತಂತ್ರಜ್ಞಾನದ ಬಾಕ್ಸನ್ನೇ ಕೇಳಿ ತೆಗೆದುಕೊಳ್ಳಿ, ಏಕೆಂದರೆ ಈ ಸೇವೆಯ ಹಲವು ವಾಹಿನಿಗಳು ಹಳೆಯ ಬಗೆಯ ಬಾಕ್ಸ್‌ಗಳಲ್ಲಿ ಕಾಣಿಸುವುದಿಲ್ಲ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಪಡೆದು ಇಲ್ಲಿ ಬರುತ್ತವಾದ್ದರಿಂದ ಪಟ್ಟಿ ಆಗಾಗ ಬದಲಾಗುತ್ತದೆ. ವಾಹಿನಿಯೊಂದು ಕಾಣೆಯಾದರೆ ಮೊದಲು ರಿಮೋಟಿನಿಂದ ಮರುಸ್ಕ್ಯಾನ್ ಮಾಡಿ ನೋಡಿ.

ಪ್ರಶ್ನೆ: ನಮ್ಮ ಕೇಬಲ್ ಆಪರೇಟರ್ ಚಂದನ ವಾಹಿನಿ ಬೇಕಿದ್ದರೆ ದೊಡ್ಡ ಪ್ಯಾಕೇಜ್ ತೆಗೆದುಕೊಳ್ಳಿ ಎನ್ನುತ್ತಾರೆ. ಇದು ಸರಿಯೇ? (ಚಿಕ್ಕಬಳ್ಳಾಪುರದ ಓದುಗರು)

ಖಂಡಿತ ಸರಿಯಲ್ಲ. ಕೇಬಲ್ ಟೆಲಿವಿಷನ್ ಜಾಲಗಳ 1995ರ ಕಾಯ್ದೆಯ 8ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚಿಸಿದ ದೂರದರ್ಶನದ ವಾಹಿನಿಗಳನ್ನು ಪ್ರತಿಯೊಬ್ಬ ಆಪರೇಟರ್ ಕೊಡಲೇಬೇಕು. ಚಂದನ ಆ ಪಟ್ಟಿಯಲ್ಲಿದೆ, ಮತ್ತು ಅದು ಉಚಿತ ವಾಹಿನಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2020ರಲ್ಲಿ ತಿದ್ದಿದ ನಿಯಮದಂತೆ ಈ ಕಡ್ಡಾಯ ವಾಹಿನಿಗಳನ್ನು ನಿಮ್ಮ ಮೂಲ ಶುಲ್ಕಕ್ಕೆ ಸಿಗಬೇಕಾದ ವಾಹಿನಿಗಳ ಎಣಿಕೆಗೂ ಸೇರಿಸುವಂತಿಲ್ಲ. ಆಪರೇಟರ್‌ಗೆ ಈ ಕಲಂ ಉಲ್ಲೇಖಿಸಿ ಲಿಖಿತವಾಗಿ ಕೇಳಿ. ಒಪ್ಪದಿದ್ದರೆ ಕಾಯ್ದೆಯಡಿ ಅಧಿಕೃತ ಅಧಿಕಾರಿಯಾಗಿರುವ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಯವರಿಗೆ, ಅದೇ ಪತ್ರದ ಪ್ರತಿಯೊಂದಿಗೆ ದೂರು ಕೊಡಿ.

ಪ್ರಶ್ನೆ: ಮುಂಚಿತವಾಗಿ ಪ್ರಕಟಿಸಿದ ಕಾರ್ಯಕ್ರಮ ಆ ಹೊತ್ತಿಗೆ ಬರುವುದೇ ಇಲ್ಲ. ಕಾದು ಕುಳಿತ ಹಿರಿಯರಿಗೆ ಬೇಸರವಾಗುತ್ತದೆ. ಏಕೆ ಹೀಗೆ? (ಮೈಸೂರಿನ ಓದುಗರು)

ದೂರದರ್ಶನ ಕೇಂದ್ರಗಳು ನಿಗದಿತ ಅವಧಿಗೆ ಒಂದು ಕಾರ್ಯಕ್ರಮ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುತ್ತವೆ. ಅಲ್ಲಿನವರು ಅದನ್ನು ಎಫ್‌ಪಿಸಿ (ಫಿಕ್ಸೆಡ್ ಪಾಯಿಂಟ್ ಚಾರ್ಟ್) ಎಂದು ಕರೆಯುತ್ತಾರೆ. ಆ ಪಟ್ಟಿಯನ್ನು ಪಕ್ಕಕ್ಕೆ ಸರಿಸಬೇಕಾದ ಸಂದರ್ಭಗಳು ಖಾಸಗಿ ವಾಹಿನಿಗಿಂತ ಸಾರ್ವಜನಿಕ ವಾಹಿನಿಗೆ ಹೆಚ್ಚು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಮುನ್ನಾದಿನ ರಾಷ್ಟ್ರಪತಿಗಳ ಭಾಷಣ ಹಿಂದಿ, ಇಂಗ್ಲಿಷ್‌ಗಳಲ್ಲಿ ಮುಗಿದ ಮೇಲೆ ಪ್ರಾದೇಶಿಕ ವಾಹಿನಿಗಳು ಅದನ್ನು ತಮ್ಮ ಭಾಷೆಯಲ್ಲಿ ಬಿತ್ತರಿಸುತ್ತವೆ. ಚುನಾವಣೆ ಬಂದಾಗ, ಮಾನ್ಯತೆ ಪಡೆದ ರಾಷ್ಟ್ರೀಯ ಮತ್ತು ರಾಜ್ಯ ಪಕ್ಷಗಳಿಗೆ ದೂರದರ್ಶನದಲ್ಲಿ ಉಚಿತ ಸಮಯ ಕೊಡುವ, 1998ರಿಂದ ಜಾರಿಯಲ್ಲಿರುವ ಯೋಜನೆ ಅನ್ವಯವಾಗುತ್ತದೆ. ನಿಮ್ಮ ಊರಿನ ಜಂಬೂಸವಾರಿಯ ನೇರ ಪ್ರಸಾರವೂ ಇನ್ನೊಂದು ಕಾರ್ಯಕ್ರಮದ ಜಾಗದಲ್ಲೇ ಬರಬೇಕಲ್ಲವೇ? 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸಂವೇದ ಎಂಬ ಟಿವಿ ಪಾಠಗಳಿಗಾಗಿ ಹಗಲಿನ ಗಂಟೆಗಟ್ಟಲೆ ಸಮಯವನ್ನು ಚಂದನ ಬಿಟ್ಟುಕೊಟ್ಟಿತು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಮಕ್ಕಳಿಗೆ ಅದು ಎಷ್ಟು ದೊಡ್ಡ ಆಸರೆಯಾಯಿತೆಂಬುದನ್ನು ಹಳ್ಳಿಯ ಯಾವ ಶಿಕ್ಷಕರೂ ಹೇಳಬಲ್ಲರು.

ಇಂಥ ಬದಲಾವಣೆಗಳನ್ನು ನಾನು ಮನಸಾರೆ ಒಪ್ಪುತ್ತೇನೆ. ಒಪ್ಪಲಾಗದ್ದು, ಬದಲಾವಣೆಯನ್ನು ವೀಕ್ಷಕರಿಗೆ ತಿಳಿಸದೇ ಇರುವುದು. ಮುಂದೂಡಿದ ಕಾರ್ಯಕ್ರಮ ಯಾವಾಗ ಬರುತ್ತದೆಂಬ ಒಂದು ಸಾಲು ಪರದೆಯ ಕೆಳಗೆ ಹಾದುಹೋದರೂ ಕಾದವರಿಗೆ ಸಮಾಧಾನವಾಗುತ್ತದೆ. ಅದನ್ನು ಕೇಳುವುದು ನ್ಯಾಯವಾದ ಬೇಡಿಕೆ. ತಪ್ಪಿಹೋದ ಎಷ್ಟೋ ಕಾರ್ಯಕ್ರಮಗಳು ಚಂದನದ ಯೂಟ್ಯೂಬ್ ವಾಹಿನಿಯಲ್ಲಿ ಸಿಗುತ್ತವೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಆರಂಭಿಸಿದ ವೇವ್ಸ್ ಆ್ಯಪನ್ನೂ ನೋಡಬಹುದು.

ಪ್ರಶ್ನೆ: ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ನಗದು ಬಹುಮಾನ ಕೊಡಬಾರದೇಕೆ? (ತುಮಕೂರಿನ ಓದುಗರು)

ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ಈ ರಸಪ್ರಶ್ನೆಯ ಗುರುತೇ ಪುಸ್ತಕ ಬಹುಮಾನ. ಹಣದ ಆಮಿಷವಿಲ್ಲದೆ ಇಷ್ಟು ವರ್ಷ ಜನ ನೋಡಿದ್ದಾರೆಂದಮೇಲೆ ಅದನ್ನು ಬದಲಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಪ್ರಶ್ನೆ: ಬೆಂಗಳೂರಿಗಿಂತ ಮೊದಲೇ ಕಲಬುರಗಿಗೆ ಟಿವಿ ಬಂದಿತ್ತೆಂದು ನಮ್ಮ ತಂದೆ ಹೇಳುತ್ತಾರೆ. ನಿಜವೇ? (ರಾಯಚೂರಿನ ಓದುಗರು)

ನಿಮ್ಮ ತಂದೆಯವರ ಮಾತು ನಿಜ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಶೈಕ್ಷಣಿಕ ಟೆಲಿವಿಷನ್ ಪ್ರಯೋಗ ನಡೆಯಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾಗಳನ್ನು ನಿಲ್ಲಿಸಿ, ಊರಿಗೊಂದು ಸಾಮುದಾಯಿಕ ಟಿವಿ ಇಟ್ಟು, ಕೃಷಿ, ಆರೋಗ್ಯ ಮತ್ತು ಶಾಲಾಪಾಠಗಳ ಕಾರ್ಯಕ್ರಮ ತೋರಿಸುತ್ತಿದ್ದರು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಯಲ್ಲಿ ಟ್ರಾನ್ಸ್‌ಮಿಟರ್ ಆರಂಭವಾಯಿತು. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ಕಲ್ಯಾಣ ಕರ್ನಾಟಕದ ರೈತರು ಟಿವಿ ಕಂಡದ್ದು ನಮ್ಮ ಪ್ರಸಾರ ಚರಿತ್ರೆಯ ಹೆಮ್ಮೆಯ ಅಧ್ಯಾಯ. ಆ ದಿನಗಳನ್ನು ಕಂಡವರ ನೆನಪುಗಳನ್ನು ಅವರ ಬಾಯಿಂದಲೇ ಧ್ವನಿಮುದ್ರಿಸಿಕೊಳ್ಳುವ ಕೆಲಸ ತಡವಿಲ್ಲದೆ ಆಗಬೇಕು. ನಿಮ್ಮ ತಂದೆಯವರಿಂದಲೇ ನೀವು ಆರಂಭಿಸಬಹುದು.

ಪ್ರಶ್ನೆ: ನಮ್ಮ ಭಾಗದ ಜಾನಪದ ಕಲೆಗಳಿಗೆ ಹೆಚ್ಚು ಸಮಯ ಬೇಕೆಂದು ಯಾರಿಗೆ, ಹೇಗೆ ಬರೆಯಬೇಕು? (ಚಾಮರಾಜನಗರದ ಓದುಗರು)

ಬೆಂಗಳೂರು ದೂರದರ್ಶನ ಕೇಂದ್ರದ ಕಾರ್ಯಕ್ರಮ ಮುಖ್ಯಸ್ಥರಿಗೆ ಅಂಚೆಯಲ್ಲಿ ಬರೆಯಿರಿ. ವಿವಿಧ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ಸಾಕಷ್ಟು ಸ್ಥಾನ ಕೊಡುವುದು ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಮಿನಲ್ಲೇ ಆ ಸಂಸ್ಥೆಯ ಗುರಿಗಳಲ್ಲೊಂದಾಗಿ ನಮೂದಾಗಿದೆ. ಪತ್ರದಲ್ಲಿ ಅದನ್ನು ಉಲ್ಲೇಖಿಸಿ. ‘ನಮ್ಮ ಕಲೆಗಳನ್ನು ಕಡೆಗಣಿಸಲಾಗಿದೆ’ ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಸಾಮಾನ್ಯವಾಗಿರುತ್ತದೆ. ನೀಲಗಾರರ ಮಂಟೇಸ್ವಾಮಿ ಗಾಯನ, ಕಂಸಾಳೆ, ಸೋಲಿಗರ ಹಾಡುಗಳು ಹೀಗೆ ಕಲೆಯ ಹೆಸರು, ತಂಡ ಇರುವ ಊರು, ಜಾತ್ರೆ ನಡೆಯುವ ತಿಂಗಳು ಇವುಗಳನ್ನು ತಿಳಿಸಿದರೆ ನಿರ್ಮಾಪಕರು ಚಿತ್ರೀಕರಣಕ್ಕೆ ಯೋಜನೆ ಹಾಕಿಕೊಳ್ಳಬಹುದು. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಜಾಲತಾಣದಲ್ಲಿ ದೂರು ದಾಖಲಿಸಿ. ಕಳೆದ ವರ್ಷ ನಿಮ್ಮ ಜಿಲ್ಲೆಯಲ್ಲಿ ಎಷ್ಟು ಕಾರ್ಯಕ್ರಮ ಚಿತ್ರೀಕರಿಸಿದ್ದಾರೆಂದು ತಿಳಿಯಬೇಕಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನಗಳೊಳಗೆ ಅವರು ಉತ್ತರಿಸಬೇಕು.