ಆ 14 ಸೆಕೆಂಡಿನ ಲೆಕ್ಕ

ನಮಸ್ಕಾರ ಸಾರ್. ನಿಮ್ಮ ಪತ್ರ ಸಿಕ್ಕಿತು, ಜೊತೆಗೆ ಬೈಗುಳವೂ ಸಿಕ್ಕಿತು. 1927ರ ಬಾಕ್ಸಿಂಗ್ ಹೆವಿವೇಟ್ ಟೈಟಲ್ ಫೈಟಿನಲ್ಲಿ ಜ್ಯಾಕ್ ಡೆಂಪ್ಸಿಯ ಏಟಿಗೆ ಬಿದ್ದ ಜೀನ್ ಟನ್ನಿ ‘ಹತ್ತು ಸೆಕೆಂಡಿನೊಳಗೆ ಎದ್ದ’ ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದಿದ್ದೆವು. ನೀವು ಹಳೆಯ ವಿಡಿಯೊ ಹಾಕಿಕೊಂಡು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಸಲ ಅಳೆದಿದ್ದೀರಿ. ಒಂದು ಸಲ 13, ಎರಡು ಸಲ 14. ‘ಡೆಂಪ್ಸಿಗೆ ಹಾಡುಹಗಲೇ ಮೋಸ ಆಗಿದೆ, ನೀವು ಅದನ್ನು ಮುಚ್ಚಿಹಾಕಿದ್ದೀರಿ’ ಅನ್ನುವುದು ನಿಮ್ಮ ದೂರು. (ಫೈಟ್ ನಡೆದದ್ದು ರಾತ್ರಿ, ಆ ಮಾತು ಬಿಡಿ.)

ನಿಮ್ಮ ಸ್ಟಾಪ್‌ವಾಚ್ ಸರಿಯಾಗಿದೆ. ನಾವು ಬರೆದದ್ದೇ ತಪ್ಪು. ‘ರೆಫರಿ ಒಂಬತ್ತು ಎನ್ನುವಾಗ ಎದ್ದ’ ಎಂದು ಬರೆಯಬೇಕಿತ್ತು. ಬಿದ್ದವನು ರೆಫರಿ ಹತ್ತು ಎಣಿಸಿ ಮುಗಿಸುವುದರೊಳಗೆ ಏಳಬೇಕು, ಇಲ್ಲದಿದ್ದರೆ ಸೋತ ಹಾಗೆ; ಲೆಕ್ಕ ರೆಫರಿಯ ಎಣಿಕೆಯದು, ಗಡಿಯಾರದ್ದಲ್ಲ. ಅದು ಬೇರೆ, ಇದು ಬೇರೆ. ಇಡೀ ಜಗಳ ಇರುವುದೇ ಅಲ್ಲಿ.

ಸೆಪ್ಟೆಂಬರ್ 22, ಶಿಕಾಗೋದ ಸೋಲ್ಜರ್ ಫೀಲ್ಡ್. ಲಕ್ಷಕ್ಕೂ ಜಾಸ್ತಿ ಜನ, 26 ಲಕ್ಷ ಡಾಲರ್ ಟಿಕೆಟ್ ದುಡ್ಡು. ಹಿಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ಟನ್ನಿಯೇ ಡೆಂಪ್ಸಿಯಿಂದ ಪಟ್ಟ ಕಿತ್ತುಕೊಂಡಿದ್ದ, ಇದು ಅದರ ಮರುಪಂದ್ಯ. ಏಳನೇ ರೌಂಡಿನಲ್ಲಿ ಡೆಂಪ್ಸಿ ಅವನನ್ನು ಹಗ್ಗಕ್ಕೆ ಒತ್ತರಿಸಿ ಒಂದರ ಮೇಲೊಂದು ಗುದ್ದಿದ. ಟನ್ನಿ ಕುಸಿದು ಕೂತ. ಎಡಗೈ ಹಗ್ಗ ಹಿಡಿದುಕೊಂಡಿತ್ತು, ಮುಖ ನೋಡಿದರೆ ತಾನೆಲ್ಲಿದ್ದೇನೆ ಅನ್ನುವುದೇ ಗೊತ್ತಿಲ್ಲದವನ ಹಾಗೆ. ಅವನು ವೃತ್ತಿಯಲ್ಲಿ ಮೊದಲ ಸಲ ನೆಲ ಕಂಡದ್ದು ಆವತ್ತೇ.

ಆಗ ಡೆಂಪ್ಸಿ ಮಾಡಬೇಕಿದ್ದದ್ದು ಒಂದೇ ಕೆಲಸ, ದೂರದ ನ್ಯೂಟ್ರಲ್ ಕಾರ್ನರಿಗೆ, ಅಂದರೆ ಇಬ್ಬರಲ್ಲಿ ಯಾರದ್ದೂ ಅಲ್ಲದ ಮೂಲೆಗೆ, ಹೋಗಿ ನಿಲ್ಲುವುದು. ಅಲ್ಲಿಗೆ ಹೋಗುವ ತನಕ ಎಣಿಕೆ ಶುರುವಾಗುವುದಿಲ್ಲ ಎಂದು ಇಬ್ಬರಿಗೂ ಮೊದಲೇ ಹೇಳಿದ್ದರು. ಆದರೆ ಅವನು ಬಿದ್ದವನ ಪಕ್ಕದಲ್ಲೇ ಸುಳಿದಾಡಿದ. ರೆಫರಿ ಡೇವ್ ಬ್ಯಾರಿ ಕೈ ತೋರಿಸಿ, ತಳ್ಳಿ ಕಳಿಸಬೇಕಾಯಿತು. ಅಷ್ಟರಲ್ಲಿ ಟೈಮ್‌ಕೀಪರ್ ಎಣಿಸತೊಡಗಿದ್ದರು, ಬ್ಯಾರಿ ಅದನ್ನು ಬಿಟ್ಟು ಮತ್ತೆ ‘ಒಂದು’ ಎಂದು ಶುರುಮಾಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯಾಕೆ ಹೋಗಲಿಲ್ಲ? ನನ್ನ ಪ್ರಕಾರ ಅಭ್ಯಾಸ ಬಲ, ಅಷ್ಟೇ ಸಾರ್. 1919ರಲ್ಲಿ ಟೊಲೆಡೊದಲ್ಲಿ ಆಗಿನ ಚಾಂಪಿಯನ್ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ್ದು ನೋಡಿ. ಆ ದೈತ್ಯ ಮಂಡಿ ಎತ್ತುವುದೇ ತಡ, ಪಕ್ಕದಲ್ಲಿ ಕಾಯುತ್ತಿದ್ದ ಡೆಂಪ್ಸಿ ಮತ್ತೆ ಹೊಡೆಯುತ್ತಿದ್ದ. ಆಗ ಯಾರೂ ಅವನನ್ನು ಮೂಲೆಗೆ ಹೋಗು ಎನ್ನಲಿಲ್ಲ. ಹಾಗೇ ಚಾಂಪಿಯನ್ ಆದವನು, ನೆತ್ತರು ಬಿಸಿ ಇದ್ದಾಗ ನಿಯಮ ನೆನಪಾಗುತ್ತಾ?

ಇನ್ನೊಂದು. ಬಿದ್ದ ಬಾಕ್ಸರ್ ಗಡಿಯಾರ ನೋಡುವುದಿಲ್ಲ, ರೆಫರಿಯ ಬಾಯಿ ನೋಡುತ್ತಾನೆ. ಸಿಕ್ಕಷ್ಟು ಹೊತ್ತು ಸುಧಾರಿಸಿಕೊಂಡು ಒಂಬತ್ತಕ್ಕೆ ಏಳುವುದು ಆ ಕಸುಬಿನ ಜಾಣತನ. ಬೇಕಿದ್ದರೆ ಮೊದಲೇ ಏಳುತ್ತಿದ್ದೆ ಎಂದು ಟನ್ನಿ ಆಮೇಲೆ ಹೇಳಿಕೊಂಡ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನನಗಂತೂ ಪೂರ್ತಿ ನಂಬಿಕೆ ಇಲ್ಲ. ಎದ್ದ ಮೇಲೆ ಮಾತ್ರ ಅವನ ಕಾಲು ಚುರುಕಾಗಿತ್ತು. ಹಿಂದೆ ಹಿಂದೆ ಸರಿಯುತ್ತಾ ರಿಂಗ್ ಪೂರ್ತಿ ಸುತ್ತಿಸಿದ. ಅಟ್ಟಿಸಿಕೊಂಡು ಹೋಗಿ ಸುಸ್ತಾದ ಡೆಂಪ್ಸಿ ಒಂದು ಕಡೆ ನಿಂತು, ಬಾ ಹೊಡೆದಾಡು ಎಂದು ಕೈಯಲ್ಲೇ ಕರೆಯುತ್ತಾನೆ. ವಿಡಿಯೊದಲ್ಲಿ ನನಗೆ ಇಷ್ಟವಾದ ಜಾಗ ಅದು.

ನಿಜವಾಗಿ ಸಿಟ್ಟು ಮಾಡಿಕೊಳ್ಳಬೇಕು ಅಂದರೆ ಎಂಟನೇ ರೌಂಡ್ ಹಾಕಿ ನೋಡಿ. ಅಲ್ಲಿ ಟನ್ನಿ ಹೊಡೆದ ಏಟಿಗೆ ಡೆಂಪ್ಸಿ ಕ್ಷಣಮಾತ್ರ ಕೆಳಗೆ ಹೋಗುತ್ತಾನೆ. ಟನ್ನಿ ಇನ್ನೂ ಮೂಲೆಗೆ ಹೋಗಿಲ್ಲ, ಬ್ಯಾರಿ ಆಗಲೇ ಎಣಿಕೆಗೆ ಕೈ ಎತ್ತಿಯಾಗಿದೆ! ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ನಾಲ್ಕು ಪುಟದ ಪತ್ರದಲ್ಲಿ ಇದರ ಸುದ್ದಿಯೇ ಇಲ್ಲವಲ್ಲ ಸಾರ್?

ಹಾಗಂತ ಫಲಿತಾಂಶ ಬದಲಾಗುತ್ತಿತ್ತಾ? ಆ ಒಂದು ಕ್ಷಣ ಬಿಟ್ಟರೆ ಹತ್ತು ರೌಂಡುಗಳಲ್ಲಿ ಹೆಚ್ಚು ಪಾಲು ಟನ್ನಿಯದೇ. ತೀರ್ಪು ಕೊಡುವ ಮೂವರೂ ಗೆಲುವನ್ನು ಅವನಿಗೇ ಕೊಟ್ಟರು. ಡೆಂಪ್ಸಿ ಮತ್ತೆ ಟೈಟಲ್ ಫೈಟಿಗೆ ಇಳಿಯಲಿಲ್ಲ, ಟನ್ನಿ ಮರುವರ್ಷ ಟಾಮ್ ಹೀನಿಯನ್ನು ಸೋಲಿಸಿ ರಿಟೈರ್ ಆದ. ಇಬ್ಬರೂ ಆಮೇಲೆ ಒಳ್ಳೆಯ ಸ್ನೇಹಿತರಾದರು. ಜಗಳ ಉಳಿದಿರುವುದು ನಮಗೆ ನಿಮಗೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ನಿಮ್ಮ 14 ಸೆಕೆಂಡು ಅದರಲ್ಲಿ ಇರುತ್ತದೆ, ‘ಮೋಸ’ ಇರುವುದಿಲ್ಲ.

– ಸಂ.