ಟ್ರ್ಯಾಕಿನ ಉದ್ದ ಬಿಡಿ, ಟೈರ್ ನೋಡಿ

ಅಮೆರಿಕದ ನ್ಯಾಸ್ಕಾರ್ ಕಾರ್ ರೇಸುಗಳಲ್ಲಿ ದೊಡ್ಡದಾದ ಡೇಟೋನಾ 500 ಮುಗಿದ ಮಾರನೇ ದಿನದಿಂದಲೇ ನನಗೆ ಪತ್ರಗಳು ಬರುತ್ತವೆ. ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ನ್ಯಾಸ್ಕಾರ್ ಅಂದರೇನು, ಪಿಟ್ ಸ್ಟಾಪ್ ಅಂದರೇನು ಎಂದು ಇಲ್ಲಿ ಮತ್ತೆ ವಿವರಿಸುವುದಿಲ್ಲ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಅದಕ್ಕೆ ತಪ್ಪು ಉತ್ತರ ಕೊಡುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ.

ಪ್ರಶ್ನೆ: ನಾವು ಹಾಸನದವರು, ಈಗ ಶಾರ್ಲೆಟ್‌ನಲ್ಲಿದ್ದೇವೆ. ಸಣ್ಣ ಟ್ರ್ಯಾಕಿನಲ್ಲೇ ಒಳ್ಳೆ ರೇಸ್ ಇರುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಮಾರ್ಟಿನ್ಸ್‌ವಿಲ್‌ಗೆ ಹೋದೆವು. 400 ಲ್ಯಾಪ್ ಪೂರ್ತಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋದರು. ಟಿವಿಯಲ್ಲಿ ನೋಡಿದ ಕ್ಯಾನ್ಸಸ್ ರೇಸ್ ಅದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಯಾಕೆ ಸರ್ ಹೀಗೆ?

ನಿಮಗೆ ಸಲಹೆ ಕೊಟ್ಟವರು 2021ಕ್ಕೇ ನಿಂತುಬಿಟ್ಟಿದ್ದಾರೆ. ಆಗ ಅವರ ಮಾತು ನಿಜವಾಗಿತ್ತು. ಮಾರ್ಟಿನ್ಸ್‌ವಿಲ್, ಬ್ರಿಸ್ಟಲ್, ರಿಚ್‌ಮಂಡ್ ಅಂದರೆ ಜನ ಜೀವ ಬಿಡುತ್ತಿದ್ದರು. ಒಂದೂವರೆ ಮೈಲಿ ಟ್ರ್ಯಾಕುಗಳನ್ನು ಒಂದೇ ಅಚ್ಚಿನಲ್ಲಿ ತೆಗೆದವು ಎಂದು ಬೈಯುತ್ತಿದ್ದರು. 2022ರಲ್ಲಿ ನೆಕ್ಸ್ಟ್ ಜೆನ್ ಎಂಬ ಹೊಸ ಮಾದರಿಯ ರೇಸ್ ಕಾರು ಬಂದ ಮೇಲೆ ಇದು ತಿರುಗಾಮುರುಗಾ ಆಯಿತು.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಂದಿನವನು ಮುಂದಕ್ಕೆ ಹೋಗಬೇಕಾದರೆ ಮುಂದಿನವನಿಗೆ ಏನಾದರೂ ಕೈಕೊಡಬೇಕು. ಟೈರ್ ಸವೆಯಬೇಕು, ಬ್ರೇಕ್ ಸೋಲಬೇಕು, ಇಲ್ಲವೇ ಡ್ರೈವರ್ ತಪ್ಪಬೇಕು. ಮೂರೂ ಆಗದಿದ್ದರೆ ಎಷ್ಟು ಸಣ್ಣ ಟ್ರ್ಯಾಕಾದರೂ ಅದು ಮೆರವಣಿಗೆಯೇ.

ಮಾರ್ಟಿನ್ಸ್‌ವಿಲ್ 0.526 ಮೈಲಿಯ ಟ್ರ್ಯಾಕು. ಎರಡು ಉದ್ದನೆಯ ನೇರ ದಾರಿ, ಎರಡು ಬಿಗಿ ತಿರುವು, ತಿರುವಿನ ಓರೆ (ಹೊರ ಅಂಚು ಎತ್ತರವಾಗಿರುವ ಇಳಿಜಾರು) ಬರೀ 12 ಡಿಗ್ರಿ. ಹಳೆಯ ಕಾರಿಗೆ 15 ಇಂಚಿನ ಚಕ್ರ. ಅದರೊಳಗೆ ಹಿಡಿಸುವಷ್ಟೇ ಬ್ರೇಕ್. ಡ್ರೈವರ್ ಅದನ್ನು ದುಡ್ಡಿನ ಹಾಗೆ ಲೆಕ್ಕ ಹಾಕಿ ಖರ್ಚು ಮಾಡಬೇಕಿತ್ತು. ಮೊದಲ ನೂರು ಲ್ಯಾಪಿನಲ್ಲಿ ಮೆರೆದವನು ಕೊನೆಯ ನೂರರಲ್ಲಿ ಹಿಂದೆ ಬೀಳುತ್ತಿದ್ದ. ಈಗಿನದು 18 ಇಂಚಿನ ಚಕ್ರ, ಅಗಲ ಟೈರ್, ದೊಡ್ಡ ಬ್ರೇಕ್. ಎಲ್ಲರೂ ತಿರುವಿನ ಹತ್ತಿರದವರೆಗೂ ಗ್ಯಾಸ್ (ಆಕ್ಸಿಲರೇಟರ್) ಬಿಡದೆ ಹೋಗಿ, ಒಂದೇ ಜಾಗದಲ್ಲಿ ಗಕ್ಕನೆ ಬ್ರೇಕ್ ಒತ್ತುತ್ತಾರೆ. ಹಿಂದಿನವನು ಇನ್ನೂ ತಡವಾಗಿ ಬ್ರೇಕ್ ಹಾಕಿ ಒಳಗೆ ನುಗ್ಗಲು ಜಾಗವೇ ಉಳಿದಿಲ್ಲ. ಲಿವರನ್ನು ಹಿಂದೆ ಮುಂದೆ ಮಾಡಿ ಒಂದೊಂದೇ ಗೇರ್ ಬದಲಿಸುವ, ಐದು ಗೇರಿನ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್ ಬೇರೆ. ತಿರುವಿನಲ್ಲಿ ತಪ್ಪಿದರೂ ಒಂದು ಗೇರ್ ಇಳಿಸಿ ಎಳೆದುಕೊಂಡು ಹೋಗಬಹುದು. ಮೊದಲು ಅಂಥ ತಪ್ಪಿಗೆ ಎರಡು ಸ್ಥಾನ ಹೋಗುತ್ತಿತ್ತು.

ಕ್ಯಾನ್ಸಸ್‌ನ ಕಥೆ ಬೇರೆ. ಅದು ಒಂದೂವರೆ ಮೈಲಿಯ ಟ್ರ್ಯಾಕು. ಅಲ್ಲಿ ಓರೆ ಕೆಳಗೆ 17 ಡಿಗ್ರಿ, ಮೇಲೆ ಹೋದಂತೆ 20. ಕೆಳಗಿನ ದಾರಿ ಹತ್ತಿರದ್ದು. ಮೇಲಿನದು ದೂರವಾದರೂ ವೇಗ ಉಳಿಯುತ್ತದೆ. ಟೈರ್ ಸವೆದಂತೆ ಕೆಳಗಿನವನ ಕಾರು ಜಾರುತ್ತದೆ, ಮೇಲಿನವನು ಹತ್ತಿರ ಬರುತ್ತಾನೆ. ಹೀಗೆ ಎರಡು ಮೂರು ದಾರಿ ತೆರೆದುಕೊಳ್ಳುತ್ತವೆ. 2024ರ ಮೇ ತಿಂಗಳಲ್ಲಿ ಅಲ್ಲಿ ಕೈಲ್ ಲಾರ್ಸನ್ ಕ್ರಿಸ್ ಬ್ಯೂಶರ್‌ಗಿಂತ 0.001 ಸೆಕೆಂಡ್ ಮುಂದೆ ಬಂದು ಗೆದ್ದರು. ನ್ಯಾಸ್ಕಾರ್‌ನ ಮುಖ್ಯ ಸರಣಿಯಾದ ಕಪ್ ಸರಣಿಯಲ್ಲಿ ಅಷ್ಟು ಹತ್ತಿರದ ಗೆಲುವು ಅದಕ್ಕೆ ಮೊದಲು ಇರಲಿಲ್ಲ.

ಹಾಗಾದರೆ ಒಂದೂವರೆ ಮೈಲಿ ಒಳ್ಳೆಯದು, ಅರ್ಧ ಮೈಲಿ ಕೆಟ್ಟದ್ದು ಎಂದು ಬರೆದುಕೊಳ್ಳಬೇಡಿ. ಈ ಅವಸರದ ತೀರ್ಮಾನವೇ ನನಗೆ ಕೋಪ ತರಿಸುವುದು. ಬ್ರಿಸ್ಟಲ್ ನೋಡಿ. ಅದು 0.533 ಮೈಲಿಯ ಕಾಂಕ್ರೀಟ್ ಟ್ರ್ಯಾಕು. 2024ರ ಮಾರ್ಚ್‌ನಲ್ಲಿ ಅಲ್ಲಿ 500 ಲ್ಯಾಪಿನ ರೇಸ್ ನಡೆಯಿತು. ಟೈರುಗಳು ಐವತ್ತು ಲ್ಯಾಪ್ ಓಡುವಷ್ಟರಲ್ಲಿ ಒಳಗಿನ ನೂಲು ಕಾಣುವಷ್ಟು ಸವೆದವು. ಡ್ರೈವರುಗಳು ಬೇಕೆಂದೇ ನಿಧಾನ ಮಾಡಿ ಟೈರ್ ಕಾಪಾಡಿಕೊಂಡರು. ಯಾರು ಯಾವಾಗ ಮುನ್ನುಗ್ಗುತ್ತಾರೆ ಎಂದು ಗೊತ್ತೇ ಆಗುತ್ತಿರಲಿಲ್ಲ. ಮುಂಚೂಣಿ 54 ಸಲ ಬದಲಾಯಿತು. ಕೊನೆಗೆ ಗೆದ್ದವರು ಡೆನ್ನಿ ಹ್ಯಾಮ್ಲಿನ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಟ್ರ್ಯಾಕಿಗೆ ಟೈರ್ ಕಂಪನಿ ಗುಡ್‌ಇಯರ್ ಅದೇ ಟೈರ್ ತಂದಿತು. ಲಾರ್ಸನ್ 500ರಲ್ಲಿ 462 ಲ್ಯಾಪ್ ಮುಂದಿದ್ದು ಗೆದ್ದರು. ಟೈರ್ ಸವೆಯಲೇ ಇಲ್ಲ.

ಅದೇ ಟ್ರ್ಯಾಕು, ಅದೇ ಕಾರು, ಅದೇ ಟೈರ್. ಬದಲಾದದ್ದೇನು? ನಾನು ಹನ್ನೊಂದು ವರ್ಷ ಟೈರಿನ ಅಂಕಿಅಂಶ ನೋಡುವ ಕೆಲಸ ಮಾಡಿದವನು. ನನ್ನ ಮಟ್ಟಿಗೆ ಉತ್ತರ ಇದು. ಮಾರ್ಚ್‌ನ ಚಳಿಯಲ್ಲಿ ಕಾಂಕ್ರೀಟಿಗೆ ರಬ್ಬರ್ ಅಂಟಲಿಲ್ಲ, ಪುಡಿಯಾಗಿ ಉದುರಿತು. ಬರೀ ಕಾಂಕ್ರೀಟ್ ಟೈರನ್ನು ತಿಂದಿತು. ಸೆಪ್ಟೆಂಬರ್‌ನ ಸೆಕೆಗೆ ರಬ್ಬರ್ ನೆಲಕ್ಕೆ ಮೆತ್ತಿಕೊಂಡು ಹಾಸಿಗೆಯಾಯಿತು. ರಬ್ಬರಿನ ಮೇಲೆ ರಬ್ಬರ್ ಓಡಿದರೆ ಸವೆಯುವುದೆಲ್ಲಿಂದ?

ನೆಲ ಒರಟಾಗಿರಬೇಕು. ನಮ್ಮಜ್ಜಿ ಮನೆಯಲ್ಲಿ ರಾಗಿ ಬೀಸುವ ಕಲ್ಲು ನುಣ್ಣಗಾದರೆ ಉಳಿ ಹಿಡಿದು ಬರುವವರನ್ನು ಕಾದು ಕೂತು ಕುಟ್ಟಿಸುತ್ತಿದ್ದರು. ನುಣುಪು ಕಲ್ಲಿನಲ್ಲಿ ಹಿಟ್ಟು ಬೀಳುವುದಿಲ್ಲ ಅಲ್ವಾ? ಟ್ರ್ಯಾಕೂ ಹಾಗೇ. ಕ್ಯಾಲಿಫೋರ್ನಿಯಾದ ಫಾಂಟಾನಾದಲ್ಲಿ 1997ರಲ್ಲಿ ಹಾಕಿದ ಡಾಂಬರನ್ನು ಕೊನೆಯವರೆಗೂ ಬದಲಿಸಲಿಲ್ಲ. ಬಿಸಿಲಿಗೆ ಡಾಂಬರು ಸವೆದು ಜಲ್ಲಿ ಮೇಲೆದ್ದಿತ್ತು. ನಾನು ಅದರ ಮೇಲೆ ಅಂಗೈ ಇಟ್ಟು ನೋಡಿದ್ದೇನೆ, ಉಪ್ಪುಕಾಗದದ ಹಾಗಿತ್ತು. ಎರಡು ಮೈಲಿಯ ಆ ಟ್ರ್ಯಾಕಿನಲ್ಲಿ ಕಾರುಗಳು ಐದೈದು ಸಾಲಾಗಿ ಹರಡಿಕೊಳ್ಳುತ್ತಿದ್ದವು. 2023ರ ಫೆಬ್ರುವರಿ ರೇಸಿನ ನಂತರ ಅದನ್ನು ಒಡೆದರು. ಇವತ್ತಿಗೂ ನನಗೆ ಅದರ ಸಂಕಟ ಹೋಗಿಲ್ಲ.

2026ರಿಂದ ಒಂದೂವರೆ ಮೈಲಿಗಿಂತ ಸಣ್ಣ ಓವಲ್‌ಗಳಲ್ಲಿ (ದುಂಡು ಟ್ರ್ಯಾಕು) ಮತ್ತು ಎಡಕ್ಕೂ ಬಲಕ್ಕೂ ತಿರುವುಗಳಿರುವ ರೋಡ್ ಕೋರ್ಸ್‌ಗಳಲ್ಲಿ ಎಂಜಿನ್ ಶಕ್ತಿಯನ್ನು 670ರಿಂದ 750 ಹಾರ್ಸ್‌ಪವರ್‌ಗೆ ಏರಿಸುವ ತೀರ್ಮಾನವಾಯಿತು. ಒಳ್ಳೆಯದೇ. ಶಕ್ತಿ ಜಾಸ್ತಿಯಾದರೆ ಗ್ಯಾಸ್ ಒತ್ತಿದಾಗ ಹಿಂದಿನ ಚಕ್ರ ಜಾರಿ ಟೈರ್ ಬಿಸಿಯಾಗುತ್ತದೆ, ಪಾದ ಹದವಾಗಿರುವವನಿಗೆ ಲಾಭ. ಆದರೆ ಇದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುವವರನ್ನು ನಂಬಬೇಡಿ. ಮೆತ್ತಗಿನ, ಬೇಗ ಸವೆಯುವ ಟೈರ್ ಕೊಡದೆ ಮಾರ್ಟಿನ್ಸ್‌ವಿಲ್ ಮೊದಲಿನಂತಾಗದು.

ಪ್ರಶ್ನೆ: ಮುಂಚೂಣಿ ಎಷ್ಟು ಸಲ ಬದಲಾಯಿತು ಎಂದು ಎಣಿಸಿ ಟ್ರ್ಯಾಕುಗಳಿಗೆ ಅಂಕ ಕೊಡುವ ವಿಡಿಯೊಗಳು ಬರುತ್ತವೆ. ಅದರ ಪ್ರಕಾರ ಟಲಡೇಗಾವೇ ನಂಬರ್ ಒನ್. ಸರಿಯೇ?

ಸರಿಯಲ್ಲ. ಟಲಡೇಗಾದ ಓರೆ 33 ಡಿಗ್ರಿ, ಸುತ್ತು 2.66 ಮೈಲಿ. 1987ರಲ್ಲಿ ಬಿಲ್ ಎಲಿಯಟ್ ಅಲ್ಲಿ ಗಂಟೆಗೆ 212.809 ಮೈಲಿ ವೇಗದಲ್ಲಿ ಅರ್ಹತಾ ಸುತ್ತು ಓಡಿಸಿದರು. ಅದೇ ರೇಸಿನಲ್ಲಿ ಬಾಬಿ ಆಲಿಸನ್ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಯನ್ನೇ ಹರಿದುಹಾಕಿತು. ಮುಂದಿನ ವರ್ಷದಿಂದ ಅಲ್ಲೂ ಡೇಟೋನಾದಲ್ಲೂ ಎಂಜಿನ್‌ಗೆ ಗಾಳಿ ಕಡಿಮೆ ಬಿಡುವ ತಟ್ಟೆ ಕೂರಿಸಿದರು. ಅಂದಿನಿಂದ ಎಲ್ಲರ ವೇಗವೂ ಒಂದೇ, ಎಲ್ಲರೂ ಒಂದೇ ಗುಂಪು. ಎರಡು ಸಾಲು ಪಕ್ಕಪಕ್ಕ ಓಡುವಾಗ ಒಂದು ಸಲ ಇವನ ಮೂಗು ಮುಂದೆ, ಇನ್ನೊಂದು ಸಲ ಅವನದು. 2010ರಲ್ಲಿ 88 ಬದಲಾವಣೆ ದಾಖಲಾದದ್ದು ಹೀಗೇ. ಈಗಂತೂ ಮೊದಲ ಅರ್ಧದಲ್ಲಿ ಇಂಧನ ಉಳಿಸಲು ಅರ್ಧ ಗ್ಯಾಸಿನಲ್ಲೇ ಹೋಗುತ್ತಾರೆ. ಆ ಲ್ಯಾಪುಗಳೂ ಲೆಕ್ಕದಲ್ಲಿ ಸೇರುತ್ತವೆ! ಎಣಿಸುವುದೇ ಆದರೆ ಐದರಿಂದ ಹದಿನೈದನೇ ಸ್ಥಾನದವರು ಪಿಟ್‌ಗೆ (ಟೈರ್, ಇಂಧನಕ್ಕೆ ನಿಲ್ಲುವ ಜಾಗ) ಹೋಗದೆ ಎಷ್ಟು ಜನರನ್ನು ದಾಟಿದರು ಎಂದು ಎಣಿಸಿ.

ಪ್ರಶ್ನೆ: ಹಾಗಾದರೆ ಟಲಡೇಗಾ, ಡೇಟೋನಾದಲ್ಲಿ ಗೆಲ್ಲುವುದು ಬರೀ ಅದೃಷ್ಟವೇ?

ಡೇಟೋನಾ 500 ಅನ್ನು ಹ್ಯಾಮ್ಲಿನ್ ಮೂರು ಸಲ ಗೆದ್ದಿದ್ದಾರೆ. ಬರೀ ಅದೃಷ್ಟ ಅಲ್ಲ.

ಪ್ರಶ್ನೆ: ಓವಲ್ ಟ್ರ್ಯಾಕಿನಲ್ಲಿ ಬರೀ ಎಡಕ್ಕೆ ತಿರುಗುವುದರಲ್ಲಿ ಏನು ಕಷ್ಟ?

ಡಾರ್ಲಿಂಗ್ಟನ್ ಟ್ರ್ಯಾಕು ಮೊಟ್ಟೆಯಾಕಾರದ್ದು, ಎರಡು ತುದಿಯ ತಿರುವುಗಳೂ ಬೇರೆ ಬೇರೆ. ಒಂದು ತುದಿಗೆ ಹೊಂದಿಸಿದ ಕಾರು ಇನ್ನೊಂದರಲ್ಲಿ ಗೋಡೆಗೆ ಹೋಗುತ್ತದೆ. ಡ್ರೈವರ್ ಪಕ್ಕದ ಕ್ಯಾಮೆರಾದಲ್ಲಿ ಹತ್ತು ಲ್ಯಾಪ್ ನೋಡಿ, ಆಮೇಲೆ ಬರೆಯಿರಿ.

ಪ್ರಶ್ನೆ: ಟ್ರ್ಯಾಕಿನ ಪ್ರಕಾರ ಗೆಲ್ಲುವವರನ್ನು ಮೊದಲೇ ಹೇಳುವ ಆನ್‌ಲೈನ್ ಗುಂಪಿಗೆ ತಿಂಗಳಿಗೆ ದುಡ್ಡು ಕಟ್ಟಬಹುದೇ?

ಬೇಡ. ಮೇಲಿನ ಬ್ರಿಸ್ಟಲ್ ವಿಷಯ ಇನ್ನೊಂದು ಸಲ ಓದಿ. ಟೈರ್ ಮಾಡಿದವರಿಗೇ ಮೊದಲು ಗೊತ್ತಿಲ್ಲದ್ದು ಇವರಿಗೆ ಹೇಗೆ ಗೊತ್ತಾಗುತ್ತದೆ? ಕಟ್ಟಿದ್ದರೆ ಇವತ್ತೇ ನಿಲ್ಲಿಸಿ.

ಪ್ರಶ್ನೆ: ಬೆಂಗಳೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಮಗಳಿಗೆ ಮೂರು ವರ್ಷ. ಎಲ್ಲರೂ ಬ್ರಿಸ್ಟಲ್ ರಾತ್ರಿ ರೇಸಿಗೆ ಹೋಗೋಣ ಅಂತ. ಎಲ್ಲಿ ಕೂರಬೇಕು?

ಮಗುವನ್ನು ಬ್ರಿಸ್ಟಲ್‌ಗೆ ಕರೆದುಕೊಂಡು ಹೋಗಬೇಡಿ. ಅದು ಸುತ್ತಲೂ ಎತ್ತರದ ಗ್ಯಾಲರಿ ಇರುವ ಬಟ್ಟಲು, ಸದ್ದು ಹೊರಗೆ ಹೋಗುವುದೇ ಇಲ್ಲ. ಬೇರೆಯವರು ಕರೆದುಕೊಂಡು ಹೋಗುತ್ತಾರೆ, ನನಗೆ ಗೊತ್ತು. ನಾನು ಮಾತ್ರ ಒಪ್ಪುವುದಿಲ್ಲ. ನನ್ನ ಬಲಗಿವಿ ಈಗ ಅರ್ಧಂಬರ್ಧ ಕೇಳಿಸುತ್ತದೆ. ಚಿಕ್ಕ ವಯಸ್ಸಿನಲ್ಲಿ ಹತ್ತಿ ತುರುಕಿಕೊಂಡರೆ ಸಾಕು ಎಂದುಕೊಂಡಿದ್ದೆ, ಸಾಕಾಗಲಿಲ್ಲ. ದೊಡ್ಡವರಿಗೂ ಕಿವಿಯೊಳಗೆ ಫೋಮಿನ ಬಿರಡೆ, ಅದರ ಮೇಲೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್, ಎರಡೂ ಬೇಕು. ಅಗ್ಗ ಎಂದು ಕೆಳಗಿನ ಸಾಲು ತೆಗೆದುಕೊಳ್ಳಬೇಡಿ. ಕಾರುಗಳು ಗೆರೆಯ ಹಾಗೆ ಮಿಂಚಿ ಹೋಗುತ್ತವೆ, ರಬ್ಬರ್ ಚೂರು ಕಣ್ಣಿಗೆ ಹಾರುತ್ತದೆ. ಆದಷ್ಟು ಮೇಲೆ, ತಿರುವಿನಿಂದ ಹೊರಬರುವ ಜಾಗ ಕಾಣುವಂತೆ ಕೂರಿ. ಅಪ್ಪನಿಗೆ ಮೆಟ್ಟಿಲು ಹತ್ತಲು ಕಷ್ಟವಾದರೆ ಕ್ಯಾನ್ಸಸ್ ರೇಸನ್ನು ಮನೆಯಲ್ಲೇ ಟಿವಿಯಲ್ಲಿ ಒಟ್ಟಿಗೆ ನೋಡಿ.